ಗೋಡೆ ತೆಗೆದ ಮನೆಗೆ ಎಂಥ ಸ್ಪೀಕರು?

ಮಕ್ಕಳೇ, ನಾಚಿಕೆ ಸ್ವಭಾವದವರು ಸಾಧುಗಳು ಎಂದು ಜನ ತಿಳಿದಿರುತ್ತಾರೆ. ನಂಬಬೇಡಿ. ನಮ್ಮಷ್ಟು ಸುಳ್ಳು ಹೇಳುವವರು ಇನ್ನೊಬ್ಬರಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ‘ಈಗ ತಾನೇ ಊಟ ಆಯ್ತು’ ಎನ್ನುತ್ತೇವೆ. ಬಸ್ಸಿನಲ್ಲಿ ಯಾರೋ ಕಾಲು ತುಳಿದು ನಿಂತಿದ್ದರೆ ಇಳಿಯುವವರೆಗೂ ‘ಪರವಾಗಿಲ್ಲ’ ಎನ್ನುತ್ತೇವೆ. ನಾನು ಹೇಳಿದ ಇಂಥ ಸುಳ್ಳುಗಳನ್ನೆಲ್ಲ ನೆನಪಿಟ್ಟುಕೊಳ್ಳಲು ಬೇರೆಯೇ ಒಂದು ತಲೆ ಬೇಕು. ಅವುಗಳಲ್ಲಿ ಒಂದನ್ನು ಮಾತ್ರ ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ರಜಕ್ಕೆಂದು ಗಂಜಾಂನಿಂದ ಬಂದಾಗ ನೀವು ಕೇಳಿದಿರಲ್ಲ, ‘ಅಜ್ಜಿ, ಮಾವ ತಂದಿದ್ದ ದೊಡ್ಡ ಸ್ಪೀಕರನ್ನ ಯಾಕೆ ವಾಪಸ್ ಕಳಿಸಿದೆ?’ ಎಂದು. ‘ಇರೋದೇ ಸಾಕು, ದುಂದು ಯಾಕೆ’ ಎಂದೆ. ಮನೆಯವರೆಲ್ಲ ತಲೆದೂಗಿದರು. ಅದು ಶುದ್ಧ ಸುಳ್ಳು.

ನಿಮ್ಮ ತಾತ ಮರಗೆಲಸದವರು ಎಂಬುದು ನಿಮಗೆ ಗೊತ್ತು. ಪಾಂಡವಪುರದ ಈ ಮನೆಯಲ್ಲಿ ನಡುಮನೆಗೆ ಅಂಟಿಕೊಂಡಂತೆಯೇ ಅವರ ಕೆಲಸದ ಕೋಣೆ ಇತ್ತು. ನಡುವೆ ಒಂದು ಗೋಡೆ. ಬಾಗಿಲು, ಕಿಟಕಿ, ಮಂಚ ಮಾಡಿ ಬೇಸರವಾದಾಗ ಅವರು ಹಲಸಿನ ಹಲಗೆಯಲ್ಲಿ ಸ್ಪೀಕರಿನ ಪೆಟ್ಟಿಗೆ ಮಾಡುತ್ತಿದ್ದರು. ಒಳಗಿನ ಯಂತ್ರವನ್ನು ಯಾರೋ ರೇಡಿಯೋ ರಿಪೇರಿಯವರು ಕೂರಿಸಿಕೊಡುತ್ತಿದ್ದರು. ಹಾಗೆ ಮಾಡಿದ ಒಂದು ಜೊತೆಯನ್ನು ಮಾರಲು ಮನಸ್ಸು ಬಾರದೆ ನಡುಮನೆಯಲ್ಲೇ ಇಟ್ಟರು. ರಾಗಿ ಡಬ್ಬಕ್ಕಿಂತ ದೊಡ್ಡವಲ್ಲ. ಆದರೆ ಆ ಪುಟ್ಟ ಕೋಣೆಯಲ್ಲಿ ಹಾಡು ಹಾಕಿದರೆ ಹಾಡುವವಳು ಪಕ್ಕದಲ್ಲೇ ಕಾಲು ಚಾಚಿ ಕುಳಿತಿದ್ದಾಳೆ ಅನ್ನಿಸುತ್ತಿತ್ತು.

ಈಗ ನನ್ನ ಗುಟ್ಟಿಗೆ ಬರುತ್ತೇನೆ. ಊರ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಾಗ ಮೇಷ್ಟ್ರು ನನ್ನನ್ನು ಪ್ರಾರ್ಥನೆಗೆ ಮುಂದೆ ನಿಲ್ಲಿಸಿದ್ದರು. ಬಾಯಿ ತೆರೆದೆ, ಗಾಳಿ ಬಂತು, ದನಿ ಬರಲಿಲ್ಲ. ‘ಏನಮ್ಮೀ, ಮೀನಿನಂಗೆ ಬಾಯಿ ಬುಡ್ತೀಯೆ! ಹೋಗು, ಕುಂತ್ಕೋ’ ಎಂದರು. ಅಲ್ಲಿಂದಾಚೆಗೆ ಯಾರ ಮುಂದೆಯೂ ಹಾಡಿದವಳಲ್ಲ. ಹೆಣ್ಣು ನೋಡಲು ಬಂದವರು ‘ಒಂದು ಪದ ಹೇಳವ್ವ’ ಅಂದಾಗ ಗಂಟಲು ಸರಿಯಿಲ್ಲ ಎಂದುಬಿಟ್ಟೆ. ನಿಮ್ಮ ತಾತ ಅದನ್ನು ನಂಬಿ, ಮದುವೆಯಾಗಿ ಎಷ್ಟೋ ವರ್ಷ ನನಗೆ ಮೆಣಸಿನ ಕಷಾಯ ಕುಡಿಸಿದರು. ಆದರೆ ಹಾಡುವ ಆಸೆ ಕಷಾಯಕ್ಕೆ ಹೋಗುವಂಥದ್ದಲ್ಲ. ತಾತ ಬಾಗಿಲು ಕಿಟಕಿ ಕೂರಿಸಲು ಊರೊಳಗೆ, ಮಿಕ್ಕವರು ಅವರವರ ಕೆಲಸಕ್ಕೆ ಹೋದ ಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ, ದಾಸರ ಪದಗಳನ್ನು ಹಾಕಿಕೊಂಡು ಎರಡು ಪೆಟ್ಟಿಗೆಗಳ ಮಧ್ಯೆ ಕುಳಿತು ಜೊತೆಜೊತೆಗೆ ಹಾಡುತ್ತಿದ್ದೆ. ಪೆಟ್ಟಿಗೆಯವಳ ದನಿಯ ಸೆರಗಿನಲ್ಲಿ ನನ್ನ ದನಿ ಮುಚ್ಚಿಹೋಗುತ್ತದೆ ಎಂಬ ಧೈರ್ಯ. ತಾತ ತೀರಿಕೊಂಡ ಮೇಲೆ ಈ ಒಂದು ಗಂಟೆಯೇ ನನಗೆ ಆಸರೆಯಾಗಿತ್ತು ಎಂದರೆ ತಪ್ಪಲ್ಲ.

ಹೀಗಿರುವಾಗ ನನ್ನ ಮಗ, ನಿಮ್ಮ ಮಹೇಶ ಮಾವ, ತನ್ನ ಮರಗೆಲಸವನ್ನು ದೊಡ್ಡ ರಸ್ತೆಯ ಅಂಗಡಿಗೆ ಸಾಗಿಸಿದ. ಖಾಲಿಯಾದ ಕೋಣೆಯ ಗೋಡೆ ಒಡೆಸಿ ನಡುಮನೆಗೆ ಸೇರಿಸಿದ. ನೆಲಕ್ಕೆ ಮುಖ ಕಾಣುವಂಥ ಟೈಲ್ಸು ಬಂತು. ಮನೆ ಏನೋ ಛತ್ರದಂತೆ ಕಂಡಿತು. ಆದರೆ ಮೊದಲ ದಿನ ಹಾಡು ಹಾಕಿದರೆ, ಹಾಡುವವಳು ನನ್ನ ಪಕ್ಕದಿಂದ ಎದ್ದು ನಾಲ್ಕು ಮನೆ ಆಚೆ ಹೋಗಿ ಕುಳಿತಂತಿತ್ತು. ಅದಾದರೂ ಸಹಿಸಬಹುದಿತ್ತು. ನಾನು ಬಾಯಿ ತೆರೆದರೆ ನನ್ನ ದನಿಯೇ ಗೋಡೆಗೆ ಹೋಗಿ, ನೆಲಕ್ಕೆ ಬಡಿದು, ಊರಿಗೆಲ್ಲ ಡಂಗುರ ಹೊಡೆದಂತೆ ನನ್ನ ಕಿವಿಗೇ ವಾಪಸ್ ಬಂತು. ಹೆದರಿ ಬಾಯಿ ಮುಚ್ಚಿದೆ. ಒಂದು ವಾರ ಹನ್ನೊಂದು ಗಂಟೆಗೆ ಸುಮ್ಮನೆ ಅಕ್ಕಿಯಲ್ಲಿ ಕಲ್ಲು ಹುಡುಕಿದೆ.

ಮಹೇಶನೂ ಗಮನಿಸಿದ್ದ. ‘ಅವ್ವ, ಮನೆ ದೊಡ್ದಾಯ್ತು, ಸೌಂಡು ತೆಳ್ಳಗಾಯ್ತು. ದೊಡ್ಡ ಸ್ಪೀಕರು ತರಾನ?’ ಎಂದ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ದೊಡ್ಡ ಪೆಟ್ಟಿಗೆ ಬಂದರೆ ನನ್ನ ದನಿಗೂ ದೊಡ್ಡ ಸೆರಗು ಸಿಕ್ಕಿದಂತೆ. ಆದರೆ ಬಾಯಲ್ಲಿ ಬಂದದ್ದು ‘ನಂಗೇನಪ್ಪ, ನಿನ್ನಿಷ್ಟ’ ಎಂದು.

ಕೃಷ್ಣರಾಜಪೇಟೆಯಲ್ಲಿ ಅವನ ಪರಿಚಯದವನೊಬ್ಬನ ಅಂಗಡಿಯಿದೆ. ಮದುವೆಗಳಿಗೆ ಮೈಕ್ ಸೆಟ್ಟು ಬಾಡಿಗೆ ಕೊಡುತ್ತಾನೆ, ಮನೆಗಳಿಗೆ ಸ್ಪೀಕರು ಮಾರುತ್ತಾನೆ. ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯವನು ಹಾಡು ಹಾಕಲು ಗುಂಡಿ ಹುಡುಕುತ್ತಿದ್ದರೆ ನಮ್ಮವನು ಆಗಲೇ ಒಂದೊಂದು ಪೆಟ್ಟಿಗೆಯ ಬೆನ್ನಿಗೂ ಬೆರಳ ಗೆಣ್ಣಿನಿಂದ ಟಕ್ ಟಕ್ ಬಡಿಯುತ್ತ ಹೊರಟಿದ್ದ. ಮರಗೆಲಸದವರ ಮನೆಯಲ್ಲಿ ಹುಟ್ಟಿದವರಿಗೆ ಇದೊಂದು ರೋಗ. ನಿಮ್ಮ ತಾತನೂ ಬೀಗರ ಮನೆಗೆ ಹೋದರೆ ನೀರು ಕುಡಿಯುವ ಮೊದಲು ಬಾಗಿಲು ಬಡಿದು ನೋಡುತ್ತಿದ್ದರು.

‘ಇದು ಮರಾನೇ ಅಲ್ಲ ಕಣ್ಲಾ. ಮರದ ಪುಡಿಗೆ ಅಂಟು ಕಲ್ಸಿ ಒತ್ತವ್ರೆ’ ಎಂದ ಮಹೇಶ.

‘ಈಗೆಲ್ಲಾ ಅಂಗೇ ಬರಾದು ಕಣಣ್ಣ. ಒಸಿ ಸೌಂಡ್ ಕೇಳು.’

‘ಸೌಂಡ್ ಇರ್ಲಿ, ಕೀಲು ಎಂಗ್ ಕೂರ್ಸವ್ರೆ? ಇಲ್ನೋಡು, ಮೂಲೆ ಬಾಯಿ ಬುಟ್ಟೈತೆ.’

‘ಅಣ್ಣೋ, ಹಾಡ್ ಕೇಳಕ್ ಬಂದಿದ್ದೀಯೋ, ಬಾಗ್ಲು ತಟ್ಟಕ್ ಬಂದಿದ್ದೀಯೋ? ಅದ್ನಾರ ಯೋಳ್ಬುಡು!’ ಎಂದ ಅಂಗಡಿಯವನು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ.

ಕಡೆಗೆ ಯಾವುದು ಬಡಿದರೆ ಗಟ್ಟಿಯಾಗಿ ಕೇಳಿಸಿತೋ, ಯಾವುದನ್ನು ಎತ್ತಲು ಇಬ್ಬರು ಬೇಕಾದರೋ, ಅದನ್ನೇ ಆರಿಸಿದ. ಒಂದೇ ಒಂದು ಹಾಡನ್ನೂ ಕೇಳಲಿಲ್ಲ. ಅಂಗಡಿಯವನು ಒಳ್ಳೆಯವನು. ‘ನಾಕ್ ದಿನ ಮನೇಲಿ ಮಡಿಕ್ಕಂಡು ನೋಡಿ. ಬ್ಯಾಡ ಅಂದ್ರೆ ವಾಪಸ್ ತಕ್ಕಂಡ್ ಬನ್ನಿ’ ಎಂದ. ನನ್ನ ಎದೆಯೆತ್ತರದ ಎರಡು ಕರಿಯ ಪೆಟ್ಟಿಗೆಗಳು ಗೂಡ್ಸ್ ಆಟೋದಲ್ಲಿ ಗಂಡಿನ ಕಡೆಯವರಂತೆ ಗಂಭೀರವಾಗಿ ಕುಳಿತು ಪಾಂಡವಪುರಕ್ಕೆ ಬಂದವು.

ಮನೆಯಲ್ಲಿ ಅರಿಸಿನ ಕುಂಕುಮ ಇಟ್ಟು ಹಾಡು ಹಾಕಿದೆವು. ಮಹೇಶ ಮೊದಲ ಉತ್ಸಾಹದಲ್ಲಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟ. ಶೆಲ್ಫಿನ ಲೋಟಗಳು ಒಂದಕ್ಕೊಂದು ಮಾತಾಡತೊಡಗಿದವು. ನಮ್ಮ ಕಡೆ ಮನೆಯಿಂದ ಅಷ್ಟು ದೊಡ್ಡ ಹಾಡು ಬಂತೆಂದರೆ ಅಲ್ಲಿ ಒಂದು ಶುಭಕಾರ್ಯ, ಅದರ ಹಿಂದೆ ಒಂದು ಊಟ ಇದ್ದೇ ಇರಬೇಕು. ಕಾಲು ಗಂಟೆಯೊಳಗೆ ಬೀದಿಯ ಒಂಬತ್ತು ಜನ ಬಾಗಿಲಲ್ಲಿದ್ದರು. ಮುಂದೆ ನಿಂತವಳು ಎದುರು ಮನೆಯ ಜಯಮ್ಮ.

‘ಏನ್ರವ್ವ, ನಮ್ಗೆ ಒಂದ್ ಮಾತೂ ಯೋಳ್ದೆ ಬೀಗ್ರೂಟ ಮಡಿಕ್ಕಂಡಿದ್ದೀರಿ?’

‘ಸ್ಪೀಕರು ತಂದಿದ್ದೇವೆ, ಅಷ್ಟೆ’ ಎಂದು ಹೇಳಿ ಕಳಿಸುವುದು ಸುಲಭ. ನನ್ನಿಂದ ಆಗಲಿಲ್ಲ. ‘ಬನ್ನಿ, ಕೂತ್ಕೊಳ್ಳಿ’ ಎಂದುಬಿಟ್ಟೆ. ಒಂಬತ್ತು ಜನಕ್ಕೂ ಉಪ್ಪಿಟ್ಟು ಕೆದಕಿದೆ. ಊಟದ ಆಸೆಯಿಂದ ಬಂದವರು ಉಪ್ಪಿಟ್ಟನ್ನು ಎಷ್ಟು ದುಃಖದಿಂದ ತಿನ್ನುತ್ತಾರೆ ಎಂಬುದನ್ನು ಅವತ್ತು ಕಂಡೆ.

ಅದಿರಲಿ. ಮರುದಿನ ಹನ್ನೊಂದು ಗಂಟೆಗೆ ಗುಂಡಿಯನ್ನು ಹದಕ್ಕೆ ತಂದು ಕುಳಿತೆ. ಆಹಾ! ತಂಬೂರಿಯ ನಾದ ಟೈಲ್ಸಿನ ಮೇಲೆ ಹರಿದು ಬಂದು ಅಂಗಾಲಿಗೆ ತಾಗಿತು. ನಾನೂ ಗಂಟಲು ಬಿಟ್ಟೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೇನು ಬೇಕು? ಮೂರು ದಿನ ಹಾಗೆಯೇ ಹಾಡಿದೆ. ‘ಇವೇ ಇರಲಿ’ ಎಂದು ಮಹೇಶನಿಗೆ ಹೇಗೆ ಹೇಳುವುದು, ಆಸೆಬುರುಕಿ ಎಂದುಕೊಂಡಾನೇ ಎಂದು ಮಾತು ಜೋಡಿಸುತ್ತಿದ್ದೆ.

ನಾಲ್ಕನೆಯ ದಿನ ಹಾಡು ಮುಗಿಸಿ, ಒಗೆದ ಬಟ್ಟೆ ಹರವಲು ಹೊರಗೆ ಬಂದೆ. ಎದುರಿನ ಜಗಲಿಯ ಮೇಲೆ ಜಯಮ್ಮ, ಪಕ್ಕದ ಮನೆಯ ಇಬ್ಬರು ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು.

‘ಅಲ್ಲ ಕಣ್ರವ್ವ, ಆ ಗುಡಾಣಗಳ್ನ ಯಾವಾಗ ವಾಪಸ್ ಕಳಿಸ್ತೀರಿ?’ ಎಂದಳು ಜಯಮ್ಮ.

‘ಯಾಕೆ ಜಯಮ್ಮ, ಗಲಾಟೆ ಆಗ್ತದಾ?’

‘ಗಲಾಟೆ ಯಾಕ್ ಬುಡಿ. ನಿಮ್ ದನೀನೇ ಕೇಳಾಕಿಲ್ವಲ್ಲ.’

ನನ್ನ ಕೈಯಲ್ಲಿದ್ದ ಟವಲು ಅಲ್ಲೇ ನಿಂತಿತು. ‘ಯಾವ ದನಿ?’

‘ಏನೂ ಗೊತ್ತಿಲ್ದೋರಂಗೆ ಆಡ್ಬ್ಯಾಡಿ. ಹನ್ನೊಂದ್ ಗಂಟೆ ಆದ್ರೆ ಸುರು ಮಾಡ್ತಿದ್ರಲ್ಲ. ನಾನ್ ಈ ಮನೆಗೆ ಸೊಸೆಯಾಗಿ ಬಂದಾಗ್ಲಿಂದ ಕೇಳ್ತಾ ಇವ್ನಿ. ಅದ್ಕೇ ಅಲ್ವಾ ನಾವು ಕಾಯಿ ಸುಲಿಯಾದು, ಅಕ್ಕಿ ಕೇರಾದು, ಎಲ್ಲಾ ಆ ವತ್ಗೇ ಮಡಿಕ್ಕಂಡಿರಾದು?’

‘ಮತ್ತೆ... ಇಷ್ಟು ವರ್ಷ ಯಾರೂ ಹೇಳ್ಲಿಲ್ಲ?’

‘ಯೋಳುದ್ರೆ ನಿಲ್ಸ್ಬುಡ್ತೀರಿ ಅಂತವ ಇಡೀ ಬೀದಿ ಬಾಯ್ ಮುಚ್ಕಂಡಿತ್ತು’ ಎಂದಳು ಪಕ್ಕದವಳು.

ಜಯಮ್ಮ ಅವರೆಕಾಳು ಮೊರಕ್ಕೆ ಹಾಕುತ್ತ, ‘ಎರಡ್ನೇ ಚರಣ ಮಾತ್ರ ಒಸಿ ಎಳೀತೀರಿ. ಆ ಪೆಟ್ಗೆಯವ್ಳು ಮುಂದಕ್ ಓಡೋಗ್ಬುಡ್ತಾಳೆ’ ಎಂದಳು.

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮುಖ ಕೆಂಡವಾಗಿತ್ತು. ಇನ್ನು ಈ ಜನ್ಮದಲ್ಲಿ ಹಾಡುವುದಿಲ್ಲ ಎಂದು ಶಪಥ ಮಾಡಿದೆ. ಶಪಥ ಮುಗಿಯುವ ಮೊದಲೇ, ಅವರು ಅಕ್ಕಿ ಕೇರುವ ಹೊತ್ತನ್ನೂ ನನ್ನ ಹಾಡಿಗೆ ಹೊಂದಿಸಿಕೊಂಡಿದ್ದ ಮಾತು ನೆನಪಾಗಿ ಹೊಟ್ಟೆಯೊಳಗೆ ಎಂಥದೋ ತಣ್ಣಗಾಯಿತು. ಸಂಜೆ ಮಹೇಶ ಬಂದಾಗ, ‘ಇವು ಬೇಡ ಕಣಪ್ಪ, ಹಳೇವೇ ಇರಲಿ’ ಎಂದೆ.

‘ಯಾಕವ್ವ? ಇಷ್ಟ್ ಚೆಂದಾಗೈತಲ್ಲ?’

‘ದುಂದು ಯಾಕೆ?’ ಎಂದೆ. ‘ನಮ್ಮವ್ವ ಅಂದ್ರೆ ನಮ್ಮವ್ವ!’ ಎಂದು ಅವನು ಹೆಂಡತಿಗೆ ಹೇಳಿದ್ದು ಅಡಿಗೆಮನೆಗೂ ಕೇಳಿಸಿತು.

ನಾನು ನಾಚಿಕೆಯವಳು ಎಂದು ಇಷ್ಟು ವರ್ಷ ಎಲ್ಲರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ. ಈಗ ತಾತ ಮಾಡಿದ ಪೆಟ್ಟಿಗೆಗಳು ಮತ್ತೆ ನಡುಮನೆಯಲ್ಲಿ ಕುಳಿತಿವೆ. ಮೊದಲಿಗಿಂತ ಎರಡು ಗೆರೆ ಕಡಿಮೆಗೆ ಗುಂಡಿ ತಿರುಗಿಸಿ ಹಾಡು ಹಾಕುತ್ತೇನೆ. ಹಾಗೆ ತಿರುಗಿಸಿದವಳು ನಾನೇ, ಬೇರೆ ಯಾರೂ ಅಲ್ಲ. ಎರಡನೆಯ ಚರಣವನ್ನು ಬೆಳಿಗ್ಗೆ ಪಾತ್ರೆ ತೊಳೆಯುವಾಗಲೇ ಒಂದು ಸಲ ತಿದ್ದಿಕೊಂಡಿರುತ್ತೇನೆ.