ಬೈಕಿಗೆ ದಂತವೈದ್ಯರ ಚಿಕಿತ್ಸೆ

"ರೋಗಿ ಯಾರಾದರೇನು, ರೋಗ ಪತ್ತೆ ಮಾಡೋ ತಲೆ ಒಂದೇ" ಎಂದು ದಂತವೈದ್ಯರು ಘೋಷಿಸಿದಾಗ ಅವರ ಹೆಂಡತಿಯ ಎದೆ ಧಸಕ್ಕೆಂದಿತು. ರೋಗಿ ಎಂದರೆ ಅಂಗಳದಲ್ಲಿ ನಿಂತಿದ್ದ ಬೈಕು. ರೋಗವೆಂದರೆ ಎಡಗಡೆಯ ಇಂಡಿಕೇಟರ್ ಮಿನುಗುತ್ತಿಲ್ಲ, ಅಷ್ಟೇ. ಆದರೆ ಮರುದಿನ ಬೆಳಿಗ್ಗೆ ಅದೇ ಬೈಕಿನ ಮೇಲೆ ಆಕೆಗೆ ಲೈಸೆನ್ಸ್ ಪರೀಕ್ಷೆ. ಪಾಸಾದರೆ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಕೆಲಸವೊಂದು ಲ್ಯಾಬಿನಲ್ಲಿ ಕಾದಿತ್ತು. ಮದುವೆಯಾದಂದಿನಿಂದ ಗಂಡನ ಕ್ಲಿನಿಕ್ಕಿನಲ್ಲಿ ಹತ್ತಿ ಕೊಡು, ಇಕ್ಕಳ ಕೊಡು ಎನಿಸಿಕೊಂಡೇ ಬಂದವಳಿಗೆ ಆ ಕೆಲಸ ಬೇಕೇ ಬೇಕಿತ್ತು.

"ಬಲ್ಬ್ ಹೋಗಿರ್ಬೇಕು ರೀ. ಹೊಸದೊಂದು ಹಾಕಿದ್ರೆ ಆಯ್ತು."

"ಹಲ್ಲುನೋವು ಅಂತ ಬಂದವರಿಗೆಲ್ಲ ಹೊಸ ಹಲ್ಲು ಹಾಕ್ತೀನಾ? ಬೇರು ನೋಡ್ಬೇಕು, ಬೇರು."

ಬೇರು ನೋಡುವ ಮಹಾಕಾರ್ಯ ಬ್ಯಾಟರಿಯಿಂದ ಆರಂಭವಾಯಿತು. ಹಾರ್ನ್ ಒತ್ತಿದರು, ಪಕ್ಕದ ಮನೆಯ ಅಜ್ಜಿ ಬಾಗಿಲು ತೆರೆದು ಯಾರೆಂದು ಕೇಳಿದರು. ಅಲ್ಲಿಗೆ ಬ್ಯಾಟರಿ ಗಟ್ಟಿಮುಟ್ಟಾಗಿದೆ ಎಂದಾಯಿತು. ಫ್ಯೂಸ್ ತೆಗೆದು, ದವಡೆಯೊಳಗೆ ಇಣುಕುವ ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸಿದರು. ಅದೂ ನೆಟ್ಟಗಿತ್ತು. ಆಮೇಲೆ ಬೈಕಿನ ಎದುರಿಗೆ ಸ್ಟೂಲ್ ಹಾಕಿಕೊಂಡು, ಹೆಡ್‌ಲೈಟ್ ಕಳಚಿ, ಒಳಗಿನ ವೈರುಗಳನ್ನೆಲ್ಲ ಒಂದೊಂದಾಗಿ ಕಿತ್ತು, ಎಡ, ಬಲ ಎಂದು ಚೀಟಿ ಅಂಟಿಸಿದರು. ಇಂಡಿಕೇಟರಿಗೂ ಸ್ಪಾರ್ಕ್ ಪ್ಲಗ್ಗಿಗೂ ಯಾವ ಜನ್ಮದ ಸಂಬಂಧವೂ ಇಲ್ಲ. ಆದರೂ ಅದು ಕಪ್ಪಗಿದ್ದದ್ದನ್ನು ಕಂಡು ಅವರ ಕೈ ತಡೆಯಲಿಲ್ಲ. ಕೆರೆದು, ಉಜ್ಜಿ, ಹೊಳಪು ಕೊಟ್ಟೇಬಿಟ್ಟರು. ನೋಡಲು ಇನ್ನೇನೂ ಉಳಿಯದಿದ್ದಾಗ ಬಲ್ಬ್ ನೋಡಿದರು. ಬಲ್ಬ್ ಸುಟ್ಟಿತ್ತು.

"ನಾನು ಆಗ್ಲೇ ಹೇಳಿದ್ನಲ್ಲ."

"ನೀನು ಊಹೆ ಮಾಡಿದೆ. ನಾನು ಪತ್ತೆ ಮಾಡಿದೆ."

ಹೊಸ ಬಲ್ಬ್ ಬಂತು. ಕಿತ್ತ ವೈರುಗಳನ್ನು ಸೇರಿಸುವುದೊಂದು ಬಾಕಿ. ಎಡವಟ್ಟಾದದ್ದೇ ಅಲ್ಲಿ. ದಂತವೈದ್ಯರ ಲೋಕದಲ್ಲಿ ಬಲ ಎಂದರೆ ರೋಗಿಯ ಬಲ. ಎದುರಿಗೆ ಕೂತ ವೈದ್ಯರಿಗೆ ಅದು ಎಡಗೈ ಕಡೆ. ಹೆಡ್‌ಲೈಟಿನ ಎದುರು ಕೂತು ಚೀಟಿ ಅಂಟಿಸುವಾಗ ಈ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹ್ಯಾಂಡಲಿನ ಸ್ವಿಚ್ಚುಗಳಿಗೆ ಜೋಡಿಸುವ ಹೊತ್ತಿಗೆ ಸೊಂಟ ಹಿಡಿದು, ಬೈಕಿನ ಸೀಟಿನ ಮೇಲೇ ಹತ್ತಿ ಕೂತರು. ಕೂತ ಜಾಗ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ತಮ್ಮ ಎಡಗೈ ಕಡೆಯದನ್ನೆಲ್ಲ ಬಲವೆಂದು, ಬಲಗೈ ಕಡೆಯದನ್ನೆಲ್ಲ ಎಡವೆಂದು ಜೋಡಿಸಿ, ಒಮ್ಮೆ ಒತ್ತಿಯೂ ನೋಡದೆ ಶಸ್ತ್ರಚಿಕಿತ್ಸೆ ಯಶಸ್ವಿ ಎಂದು ಕೈ ತೊಳೆದುಕೊಂಡರು.

ಬೆಳಿಗ್ಗೆ ಹೆಂಡತಿ ಬಲಗೈ ಕಡೆಯ ಸ್ಟಾರ್ಟರ್ ಒತ್ತಿದಳು. ಹಾರ್ನ್ ಕೂಗಿತು. ಅನುಮಾನ ಬಂದು ಎಡಗೈ ಕಡೆಯ ಹಾರ್ನ್ ಒತ್ತಿದಳು. ಬೈಕು ಸ್ಟಾರ್ಟ್ ಆಯಿತು! ಎಡಕ್ಕೆ ಒತ್ತಿದರೆ ಬಲಗಡೆಯ ದೀಪ, ಬಲಕ್ಕೆ ಒತ್ತಿದರೆ ಎಡಗಡೆಯ ದೀಪ. ಬಿಚ್ಚಿ ಮತ್ತೆ ಜೋಡಿಸಲು ಹೊತ್ತಿರಲಿಲ್ಲ. ವೈದ್ಯರು ಕೀ ತೆಗೆದು ತಮ್ಮ ಜೇಬಿಗಿಳಿಸಿದರು.

"ಇನ್ನೊಂದು ದಿನ ಪರೀಕ್ಷೆಗೆ ಹೋದ್ರಾಯ್ತು ಬಿಡೇ."

"ಇವತ್ತು ಪಾಸಾದ ಕಾಗದ ತೋರಿಸ್ದಿದ್ರೆ ಕೆಲಸ ಬೇರೆಯವರ ಪಾಲು. ಕೀ ಕೊಡಿ."

"ಎಲ್ಲಾ ತಿರುಗಾಮುರುಗಾ ಆಗಿದೆ. ಹೇಗೆ ಓಡಿಸ್ತೀಯ?"

"ನಿಮ್ಮ ಬಲ ಅಂದ್ರೆ ನನ್ನ ಎಡ ಅಂದ್ಕೊಂಡು ಇಷ್ಟು ವರ್ಷ ಸಂಸಾರ ಮಾಡಿಲ್ವಾ? ಇದ್ಯಾವ ಮಹಾ."

ಪರೀಕ್ಷೆಯ ಮೈದಾನದಲ್ಲಿ ಗಂಟುಮುಖದ ಪರೀಕ್ಷಕರು ಸೀಟಿ ಊದಿ "ಎಡಕ್ಕೆ" ಎಂದರು. ಆಕೆಯ ಹೆಬ್ಬೆರಳು ಬಲಕ್ಕೆ ಸರಿಯಿತು, ಎಡದ ದೀಪ ಮಿನುಗಿತು, ಬೈಕು ಎಡಕ್ಕೆ ಹೊರಳಿತು. "ಬಲಕ್ಕೆ" ಎಂದರು. ಅದೂ ಸಲೀಸು. ಮರದಡಿ ನಿಂತ ವೈದ್ಯರು ಉಗುರು ಕಚ್ಚುತ್ತಿದ್ದರು. ಹಲ್ಲಿಗೆ ಕೆಟ್ಟದ್ದು ಎಂದು ತಾವೇ ಎಲ್ಲರನ್ನೂ ಗದರುವ ಅಭ್ಯಾಸವದು. ಪರೀಕ್ಷಕರು ತಲೆದೂಗಿ ಜೇಬಿನಿಂದ ಪೆನ್ನು ತೆಗೆದಾಗ ವೈದ್ಯರಿಗೆ ಹೆಮ್ಮೆಯಾಯಿತು. ನಾಳೆಯಿಂದ ಹತ್ತಿ ಕೊಡುವವರು ಯಾರು ಎಂದು ಸಂಕಟವೂ ಆಯಿತು. ಆ ಸಂಕಟ ಮರೆಯಲೋ ಏನೋ, ಪೆನ್ನು ಕಾಗದ ಮುಟ್ಟುವ ಮೊದಲೇ, ಆಕೆ ಇಳಿದು ನಿಲ್ಲಿಸಿದ್ದ ಬೈಕನ್ನು ಠೀವಿಯಿಂದ ಏರಿ, "ಸುಸ್ತಾಗಿದ್ದೀಯ, ಮನೆಗೆ ನಾನೇ ಓಡಿಸ್ತೀನಿ" ಎನ್ನುತ್ತ, ತಿರುಗಾಮುರುಗಾದ ವೈರಿನ ನೆನಪೇ ಇಲ್ಲದೆ ಸ್ಟಾರ್ಟರ್ ಒತ್ತಿದರು.

ಹಾರ್ನು ಪರೀಕ್ಷಕರ ಕಿವಿಯ ಪಕ್ಕದಲ್ಲೇ ಅರಚಿತು. ಪೆನ್ನು ನೆಲಕ್ಕೆ ಬಿತ್ತು.

"ಯಾರ್ರೀ ನೀವು?"

"ಡಾಕ್ಟರು. ಇವಳ ಯಜಮಾನ."

"ಸ್ಟಾರ್ಟ್ ಮಾಡೋಕೂ ಬರಲ್ವಾ? ಎಲ್ಲಿ, ಎಡಗಡೆ ಸಿಗ್ನಲ್ ಹಾಕಿ."

ಬಲಗಡೆಯ ದೀಪ ಮಿನುಗಿತು.

"ಎಡಗಡೆ ಅಂದೆ."

ವೈದ್ಯರು ಗಾಬರಿಯಲ್ಲಿ ಮತ್ತೆ ಅದೇ ಕಡೆ ಒತ್ತಿದರು. ಮತ್ತೆ ಬಲವೇ ಮಿನುಗಿತು. ಪರೀಕ್ಷಕರು ಆಕೆಯನ್ನು ಕನಿಕರದಿಂದ ನೋಡಿದರು. "ಪಾಪ ಮೇಡಂ, ಇವರಿಗೆ ಎಡ ಬಲಾನೇ ಗೊತ್ತಿಲ್ವಲ್ಲ."

"ಸಾರ್, ತಪ್ಪು ನಂದಲ್ಲ, ಈ ಬೈಕಿನ ವೈರು..." ಎಂದು ವೈದ್ಯರು ಶುರುಮಾಡಿದರು. ಹೆಂಡತಿ ಅವರನ್ನು ಒಮ್ಮೆ ನೋಡಿದಳು, ಇನ್ನೂ ಸಹಿ ಬೀಳದ ಕಾಗದವನ್ನು ಒಮ್ಮೆ ನೋಡಿದಳು.

"ವೈರು ಏನಾಗಿದೆ?" ಎಂದರು ಪರೀಕ್ಷಕರು.

"ಏನಿಲ್ಲ ಸಾರ್. ನಂಗೇ ಬರಲ್ಲ."

ಸಹಿ ಬಿತ್ತು. ಆಕೆ ಮುಂದೆ ಕೂತು ಹಾರ್ನ್ ಒತ್ತಿ ಬೈಕು ಸ್ಟಾರ್ಟ್ ಮಾಡಿದಳು. ಜೀವಮಾನವಿಡೀ ಕಂಡಕಂಡವರಿಗೆಲ್ಲ ಬಾಯಿ ತೆಗೆಯಿರಿ ಎಂದು ಅಪ್ಪಣೆ ಕೊಟ್ಟಿದ್ದ ದಂತವೈದ್ಯರು, ಬಾಯಿ ಮುಚ್ಚಿಕೊಂಡು ಹಿಂದಿನ ಸೀಟು ಹತ್ತಿದರು.