ಟಿವಿಯ ದೊಡ್ಡಕ್ಕ ನಮ್ಮ ರೋಣದವಳು

ಜೀವಮಾನವೆಲ್ಲ ಕನ್ನಡ ಮಾಸ್ತರಿಕೆ ಮಾಡಿದವನಿಗೆ ನಗೆ ಪ್ರಸಂಗಗಳಿಗೆ ಬರಗಾಲ ಇರುವುದಿಲ್ಲ. ಕೆಲವು ಸಾಲಿಯಲ್ಲಿ, ಪಾಠದ ನಡುವೆ, ಹುಟ್ಟುತ್ತವೆ, ಉಳಿದವು ಮನೆ ಹುಡುಕಿಕೊಂಡು ಬರುತ್ತವೆ. ನಮ್ಮ ಮನೆಗೆ ಅವು ಬಂದದ್ದು ಟಿವಿಯ ಹಾದಿಯಿಂದ. ಮಂಗಳವಾರ ಸಂಜೆಯಾದರೆ ಮಂದಿ ಕೆಲಸ ಬಿಟ್ಟು ನೋಡುತ್ತಿದ್ದ ಒಂದು ಹಾಸ್ಯ ಧಾರಾವಾಹಿಯಿತ್ತು. ಅದರಲ್ಲಿನ ದೊಡ್ಡಕ್ಕ ಎಂಬ ಪಾತ್ರಕ್ಕೆ ಮಾತು ಹೋಗುತ್ತಿದ್ದದ್ದು ರೋಣದ ನಮ್ಮ ಅಡುಗೆಮನೆಯಿಂದ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಮಾಸ್ತರನಿಗೆ ಜಂಬ ಪಡಲಿಕ್ಕೆ ಬೇರೆ ಏನಿರುತ್ತದೆ?

ನಾಯಿಗೂ ಮರ್ಯಾದೆ

ಆ ಧಾರಾವಾಹಿಯ ನಿರ್ದೇಶಕರ ಕೈಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದ್ದ. ಒಂದು ದಿನ ಫೋನ್ ಮಾಡಿದ.

"ಸರ್ರ, ನಮ್ಮ ಧಾರಾವಾಹ್ಯಾಗ ಒಂದು ವಠಾರ ಐತ್ರಿ. ಅದರ ಮಾಲಕಿ ದೊಡ್ಡಕ್ಕ, ನಮ್ಮ ಕಡಿಯಾಕಿ. ಮಾತು ಬರಿಯಾವ್ರಿಗೆ ನಮ್ಮ ಕಡಿ ಭಾಷಾ ಬರೂದಿಲ್ಲ. ನಿನ್ನೆ ಆಕಿ ಕಡಿಂದ ನಾಯಿಗೆ 'ಹೊರಗ ನಡೀರಿ' ಅಂತ ಅನಿಸ್ಯಾರ. ನೀವರ ತಿದ್ದಿ ಕೊಡ್ರಿ."

ಒಪ್ಪಿಕೊಂಡೆ. ಮೊದಲ ದೃಶ್ಯ, ದೊಡ್ಡಕ್ಕ ಬಾಡಿಗೆಯವನಿಗೆ ಊಟಕ್ಕೆ ಬಡಿಸುವುದು. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಅದೇ ಹೊತ್ತಿಗೆ ಒಳಗೆ ನನ್ನ ಹೆಂಡತಿ ನನ್ನ ಗೆಳೆಯನಿಗೆ ರೊಟ್ಟಿ ನೀಡುತ್ತಿದ್ದಳು. ಅವನು ಸಾಕು ಸಾಕು ಅನ್ನುತ್ತಿದ್ದ. ಅವಳ ದನಿ ಕೇಳಿಸಿತು: "ನಿಮ್ಮ ಬಾಯಿ ಸಾಕು ಅಂತೈತಿ, ತಾಟು ಮುಂದ ಮುಂದ ಬರಾಕತ್ತೈತಿ. ನಾ ಯಾರ ಮಾತು ಕೇಳ್ಲಿ?"

ಪೆನ್ನಿಗೆ ಕೈ ಹಾಕಿದೆ. ಆ ಮಾತು ಟಿವಿಯಲ್ಲಿ ಬಂದ ಮೇಲೆ ಊರೂರಲ್ಲಿ ಊಟದ ಪಂಕ್ತಿಯಲ್ಲೆಲ್ಲ ಅದೇ ಮಾತು. ನನ್ನ ಕಳ್ಳತನ ಗೊತ್ತಾದಾಗ ಅವಳು ಸಿಟ್ಟಾಗಲಿಲ್ಲ. ಒಂದೇ ಕರಾರು ಹಾಕಿದಳು.

"ನನ್ನ ಮಾತು ಬೇಕಾದಷ್ಟು ತಗೋರಿ. ಆದ್ರ ದೊಡ್ಡಕ್ಕನ್ನ ಅಳಸಬ್ಯಾಡ್ರಿ. ಗಂಡನ ಮನಿಗೆ ಬರೂಮುಂದನೂ ನಾ ಅತ್ತಾಕಿ ಅಲ್ಲ."

ಮಾತು ಕೊಟ್ಟೆ. ಅವಳು ಹೇಳಿದ್ದು ಖರೇ. ಅವತ್ತು ಅವಳ ತವರು ಗಜೇಂದ್ರಗಡದಲ್ಲಿ ಅತ್ತದ್ದು ಅವಳ ಅಣ್ಣ, ಮತ್ತು ಸ್ವಲ್ಪ ಮಟ್ಟಿಗೆ ನಾನು.

ನಮ್ಮ ಜಗಳ ಯಾವಾಗ?

ಹೆಂಡತಿಯ ಮಾತು ಸಾಲದಾದಾಗ ಓಣಿಯ ಮಾತಿಗೂ ಕೈ ಹಾಕಿದೆ. ಎದುರುಮನೆಯ ನೆಗೆಣ್ಣಿಯರಿಬ್ಬರು, ಅಂದರೆ ವಾರಗಿತ್ತಿಯರು, ನಳದ ಮುಂದೆ ಕೊಡ ಇಟ್ಟು ಆಡಿದ ಜಗಳವನ್ನು ಇದ್ದದ್ದು ಇದ್ದಂತೆ ಬರೆದು ಕಳಿಸಿದೆ. ಟಿವಿಯಲ್ಲಿ ಬಂತು. ಮರುದಿನ ಇಬ್ಬರೂ ಕೂಡಿಯೇ ಬಂದರು, ಬೈಯಲಿಕ್ಕಲ್ಲ, ಪೇಢೆ ಕೊಡಲಿಕ್ಕೆ.

ಕೆಟ್ಟದ್ದು ಅಲ್ಲಿಂದ. ಮೂಲೆಮನೆಯ ಯಜಮಾನರು ಮುಖ ಗಂಟು ಹಾಕಿಕೊಂಡು ಬಂದರು. "ಸರ್ರ, ನಮ್ಮದು ಅಣ್ಣತಮ್ಮರ ಜಗಳ, ಅಜ್ಜನ ಕಾಲದ್ದು. ನಿನ್ನಿ ಮೊನ್ನಿ ಬಂದ ನಳದ ಜಗಳ ಟೀವ್ಯಾಗ ಬರ್ತೈತಿ, ನಮ್ಮದು ಬರೂದಿಲ್ಲಂದ್ರ ಹ್ಯಾಂಗ್ರಿ?"

ಮರುದಿನ ಸಂಜೆ ಅಣ್ಣತಮ್ಮಂದಿರಿಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ನಮ್ಮ ಕಟ್ಟೆಯ ಮುಂದೆಯೇ ಜಗಳಕ್ಕೆ ನಿಂತರು. ಅರ್ಧ ತಾಸು ನಡೆಯಿತು. ನಡುವೆ ದೊಡ್ಡವರು ತಮ್ಮನ ಕೊರಳಪಟ್ಟಿ ಬಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ಬರಕೊಂಡ್ರಿಲ್ರಿ? ಇಲ್ಲಾಂದ್ರ ಆ ಹೊಲದ ಮಾತು ಇನ್ನೊಮ್ಮಿ ಬೈತೀನಿ."

ನರಗುಂದದ ಸೀರೆ ಅಂಗಡಿ

ನರಗುಂದದಲ್ಲಿ ಸೀರೆ ಕೊಳ್ಳಲು ಹೋಗಿದ್ದೆವು. ಅಂಗಡಿಯವರು ಒಂದಾದ ಮೇಲೊಂದು ಬಿಚ್ಚಿ ಹಾಕುತ್ತ, ಇದೂ ಭಾಳ ಚಲೋ, ಅದೂ ಭಾಳ ಚಲೋ ಅನ್ನುತ್ತಿದ್ದರು. ನನ್ನ ಹೆಂಡತಿ ಅಂದಳು, "ಎಲ್ಲಾನೂ ಚಲೋ ಇದ್ರ ಕಣ್ಣು ಮುಚ್ಚಿ ಒಂದು ಕೊಡ್ರಿ. ದೀಪ ಯಾಕ ಹಚ್ಚೀರಿ?"

ಅಂಗಡಿಯವರು ನಕ್ಕರು. ನಕ್ಕು, ಅನುಕಂಪದಿಂದ ಅಂದರು: "ಅಕ್ಕಾರ, ನೀವು ಟೀವ್ಯಾಗಿನ ದೊಡ್ಡಕ್ಕನಂಗ ಮಾತಾಡಾಕ ನೋಡ್ತೀರಿ. ಪ್ರಯತ್ನ ಚಲೋ ಐತಿ. ಆದ್ರ ಆ ಧಾಟಿ ನಿಮಗ ಬರೂದಿಲ್ಲ ಬಿಡ್ರಿ."

ರೋಣದ ಬಸ್ಸು ಹತ್ತಿ ಅರ್ಧ ದಾರಿ ಬಂದಿದ್ದೆವು. ಅವಳು ಸಣ್ಣ ದನಿಯಲ್ಲಿ ಕೇಳಿದಳು, "ಅಲ್ರಿ, ಖರೇ ಹೇಳ್ರಿ. ನನಗಿಂತ ಆಕಿ ಚಲೋ ಮಾತಾಡ್ತಾಳೇನು?"

ಆ ಪಾತ್ರ ಮಾಡುತ್ತಿದ್ದ ನಟಿ ಒಳ್ಳೆಯ ಕಲಾವಿದೆ. ಆದರೆ ನನಗೆ ಮನೆಗೆ ಹೋಗಿ ಊಟ ಮಾಡುವುದಿತ್ತು.

ಸಾಹೇಬರ ಪ್ರಶ್ನೆ

ಮಲಪ್ರಭೆ ಏರಿದ ವರ್ಷ ಹೊಳೆಮಣ್ಣೂರಿನ ಕೆಲವು ಮನೆಗಳವರನ್ನು ಒಂದು ಸಾಲಿಯಲ್ಲಿ ಇಳಿಸಿದ್ದರು. ಮಾಸ್ತರರಿಗೆಲ್ಲ ಅಲ್ಲಿ ಡ್ಯೂಟಿ. ಸಾಹೇಬರೊಬ್ಬರು ಬಂದು ಒಬ್ಬ ಮುದುಕಿಯ ಮುಂದೆ ಕುಳಿತು, ಏನು ಬೇಕು ಅಂತ ಕೇಳಿದರು.

"ಚಾದರ ಬಂದಾವ್ರಿ ಯಪ್ಪಾ. ಅನ್ನಾನೂ ಚಲೋ ಐತಿ. ಒಂದು ಟೀವಿ ತರಸ್ರಿ. ಇವತ್ತ ಮಂಗಳವಾರ ಅಲ್ಲೇನು?"

ಹೆಡ್‌ಮಾಸ್ತರರ ಮನೆಯ ಟಿವಿ ಬಂತು. ಮನೆಯೊಳಗೆ ಹೊಳೆ ನುಗ್ಗಿದ ಮಂದಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಇಡೀ ಮಾಸ್ತರಿಕೆಯಲ್ಲಿ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ತಡೆಯಲಾರದೆ ಮುದುಕಿಯ ಹತ್ತಿರ ಬಗ್ಗಿ, "ಅಮ್ಮಾ, ಈ ಮಾತು ಬರದಾಂವ ನಾನ" ಅಂದೆ.

"ಮಾಸ್ತರ, ಸುಮ್ನ ನಿಂದರ್ರಿ. ಆಕಿ ಏನಂದ್ಲು ಕೇಳಸವಲ್ದು."

ಗುಡುಗು

ಯಾವುದೂ ಬಹಳ ದಿನ ಏರಿಯೇ ಇರುವುದಿಲ್ಲ. ನಿರ್ದೇಶಕರು ಬದಲಾದರು. ಹೊಸಬರಿಗೆ ನಗು ಸಾಲಲಿಲ್ಲ. ವಠಾರಕ್ಕೆ ಒಬ್ಬ ಸೊಸೆ ಬಂದಳು, ಅವಳು ಪಾಯಸಕ್ಕೆ ವಿಷ ಹಾಕಿದಳು, ಕುಡಿದವನಿಗೆ ನೆನಪು ಹೋಯಿತು. ಯಾರಾದರೂ ಬಾಗಿಲು ತೆರೆದರೆ ಮೂರು ಸಲ ಗುಡುಗು, ಮೂರು ಸಲ ಅದೇ ಮುಖ. ದೊಡ್ಡಕ್ಕನಿಗೆ ವಾರಕ್ಕೆ ಒಂದೇ ಮಾತು ಉಳಿಯಿತು.

ಆದರೂ ಹಳೆಯ ಅಭಿಮಾನಕ್ಕೆ ನಮ್ಮ ಪಡಸಾಲೆ ತುಂಬುತ್ತಿತ್ತು. ಲಕ್ಕಲಕಟ್ಟಿಯ ರೈತರೊಬ್ಬರು ಸಂತೆಗೆ ಬಂದವರು ಇಣುಕಿ, ಕುಳಿತು, ಕೊನೆಯವರೆಗೆ ನೋಡಿ ಎದ್ದರು. "ಸರ್ರ, ಇಷ್ಟು ಸಲ ನಮ್ಮೂರಾಗ ಗುಡುಗಿದ್ರ ಇಷ್ಟೊತ್ತಿಗೆ ಹೆಸರು ಬಿತ್ತಿ ಮುಗಸ್ತಿದ್ವಿ."

ದೊಡ್ಡಕ್ಕ ಹೋದದ್ದು

ಒಂದು ದಿನ ಆ ವಿದ್ಯಾರ್ಥಿಯ ಫೋನ್. ದನಿ ಕುಗ್ಗಿತ್ತು. "ಸರ್ರ, ಬರೂ ವಾರದಿಂದ ದೊಡ್ಡಕ್ಕ ಅಳ್ತಾಳ್ರಿ. ಮೂರು ವಾರ. ಮ್ಯಾಲಿನವರ ಹುಕುಂ."

ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಅಷ್ಟು ವರ್ಷ ಅವಳ ಬಾಯಿಂದ ಬಂದದ್ದನ್ನೆಲ್ಲ ತೆಗೆದುಕೊಂಡು ಹೆಸರು ಮಾಡಿದವನು ನಾನು. ಅವಳು ಕೇಳಿದ್ದು ಅದೊಂದೇ.

"ಅಳಸಬ್ಯಾಡ" ಅಂದೆ. "ಅದರ ಬದಲಿ ಸಾಯಸು. ಸಾಯೂ ದೃಶ್ಯ ನಾ ಬರದು ಕೊಡ್ತೀನಿ."

ಮೇಲಿನವರಿಗೆ ಭಾಳ ಖುಷಿಯಾಯಿತಂತೆ. ಸಾವೆಂದರೆ ಉಳಿದವರೆಲ್ಲ ಅಳಬಹುದಲ್ಲ!

ಬರೆದೆ. ದೊಡ್ಡಕ್ಕ ಮಂಚದ ಮೇಲೆ, ಸುತ್ತ ಇಡೀ ವಠಾರ ಗೊಳೋ ಅನ್ನುತ್ತಿದೆ. ದೊಡ್ಡಕ್ಕ ಕಣ್ಣು ತೆರೆದು, "ಎಲ್ಲಾರೂ ಇಲ್ಲೇ ಅಳಾಕ ನಿಂತೀರಿ. ಒಲಿ ಮ್ಯಾಲಿನ ಹಾಲು ಯಾರು ನೋಡ್ತಾರ?" ಅನ್ನುತ್ತಾಳೆ. ಎಲ್ಲರೂ ಅಡುಗೆಮನೆಗೆ ಓಡುತ್ತಾರೆ. ತಿರುಗಿ ಬರುವಷ್ಟರಲ್ಲಿ ಅವಳು ಹೋಗಿರುತ್ತಾಳೆ.

ಆ ಮಂಗಳವಾರ ಪಡಸಾಲೆಯಲ್ಲಿ ನಕ್ಕವರೂ ಅತ್ತವರೂ ಅವರೇ. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡೆ. ಹೆಂಡತಿ ಒಣಗಿದ ಕಣ್ಣಿನಿಂದ ಪೂರ್ತಿ ನೋಡಿ, "ಚಲೋ ಬರದೀರಿ" ಅಂದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಅವಳನ್ನು ಕೊಂದದ್ದಕ್ಕೆ.

ಬುತ್ತಿ

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು, ಓಣಿಯವರು ಬುತ್ತಿ ಕಟ್ಟಿಕೊಂಡು ಬಂದು ಉಣಿಸುವುದು ನಮ್ಮ ಕಡೆಯ ಪದ್ಧತಿ. ಮರುದಿನ ಮುಂಜಾನೆ ಬಾಗಿಲು ಬಡಿದ ಸಪ್ಪಳವಾಯಿತು. ಹೆಂಡತಿ ತೆರೆದಳು. ಎದುರುಮನೆಯ ನೆಗೆಣ್ಣಿಯರು, ಸೆರಗು ಹೊದ್ದುಕೊಂಡು, ಕೈಯಲ್ಲಿ ರೊಟ್ಟಿಬುತ್ತಿ.

"ನಾ ಇನ್ನೂ ಅದೀನಲ್ಲವಾ" ಅಂದಳು ಇವಳು.

"ಗೊತ್ತೈತ್ರಿ ಅಕ್ಕಾರ. ಆದ್ರೂ ಮನಸ್ಸು ತಡೀಲಿಲ್ಲ. ಟೀವ್ಯಾಗಿನವರ ಮನಿ ನಮಗ ಗೊತ್ತಿಲ್ಲ. ಬುತ್ತಿ ಯಾರಿಗೆ ಕೊಡೂದು?"

ಅವರ ಹಿಂದೆ ಅಣ್ಣತಮ್ಮಂದಿರು, ಅಂದು ಜಗಳವಿಲ್ಲದೆ, ಒಂದೇ ಡಬ್ಬಿಯಲ್ಲಿ ಮೊಸರನ್ನ ತಂದರು. ಗಜೇಂದ್ರಗಡದಿಂದ ಮೊದಲ ಬಸ್ಸಿಗೆ ಅವಳ ಅಣ್ಣ ಬಂದರು. ತಂಗಿಯನ್ನು ಕಣ್ಣಾರೆ ನೋಡಿದ ಮೇಲೂ ಕಂಬಕ್ಕೆ ಒರಗಿ ಅತ್ತರು. ಅವರಿಗೆ ನೀರು ಕೊಟ್ಟು ಸಮಾಧಾನ ಮಾಡಿದವಳು ತೀರಿಕೊಂಡವಳೇ. ಐದು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅವಳು ಕಾಲು ಚಾಚಿ ಕುಳಿತು ಇಡೀ ಓಣಿಯ ಕೈರುಚಿ ನೋಡಿದಳು.

ಮುಂದಿನ ಮಂಗಳವಾರ ಕಳೆದ ಮರುದಿನ ವಿದ್ಯಾರ್ಥಿಯ ಫೋನ್. ದೊಡ್ಡಕ್ಕ ಹೋದ ಮೇಲೆ ಧಾರಾವಾಹಿಯನ್ನು ನೋಡುವವರೇ ಇಲ್ಲವಾಗಿದ್ದರು. "ಸರ್ರ, ಆಕಿ ಸತ್ತಿರಲಿಲ್ಲ, ಡಾಕ್ಟರು ತಪ್ಪು ಹೇಳಿದ್ರು ಅಂತ ಮಾಡೂನ್ರಿ. ಅಳೂದು ಇಲ್ಲ, ಏನಿಲ್ಲ. ಮೊದಲಿನಂಗ ನಗಸೂದು. ಮ್ಯಾಲಿನವರು ಕೈ ಮುಗೀತಾರ, ಎಬ್ಬಿಸಿ ಕೊಡ್ರಿ."

ನನಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೆಂಡತಿಯ ಮುಖ ನೋಡಿದೆ. ಪಕ್ಕದಲ್ಲೇ ಕಿವಿಗೊಟ್ಟು ಕೇಳುತ್ತಿದ್ದ ಅವಳು ಫೋನ್ ಕಸಿದುಕೊಂಡಳು.

"ಆಗೂದಿಲ್ಲ ಯಪ್ಪಾ. ಐದು ದಿನ ಇಡೀ ಓಣಿ ಬುತ್ತಿ ಉಂಡು ಕುಂತೀನಿ. ಈಗ ಎದ್ದು ಕುಂತ್ರ ಅಷ್ಟೂ ಮನಿಗೆ ಡಬ್ಬಿ ತುಂಬಿ ತಿರುಗಿ ಕಳಸಬೇಕು. ಅಷ್ಟು ರೊಟ್ಟಿ ಯಾರು ಬಡೀತಾರ, ನಿಮ್ಮ ಡೈರೆಕ್ಟರ್ ಬಡೀತಾನೇನು?"