ತಮಟೆ ಹೊಡೆದು ನಲ್ಲಿ ತಂದದ್ದು

ಬೇರೆ ಊರುಗಳಲ್ಲಿ ಹೇಗೋ ಗೊತ್ತಿಲ್ಲ, ರಾಯಲ್ಪಾಡಿನ ಈ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮೂರಲ್ಲಿ ಏನಾದರೊಂದು ಆಗದೆ ಗ್ರಾಮಸಭೆ ಮುಗಿದದ್ದೇ ಇಲ್ಲ. ತಮಟೆ ಹೊಡೆದು ಸಾರುವವನು ನಾನೇ. ನಾನು ಸಾರದಿದ್ದರೆ ಡೆಲ್ಲಿಯಲ್ಲೂ ಸಭೆ ಕೂಡಲ್ಲ ಅಂತ ಇಟ್ಕೊಳ್ಳಿ.

ಆಗ ನಮ್ಮ ಕೆಳಗಿನ ಬೀದಿಗೆ ನಲ್ಲಿ ಇರಲಿಲ್ಲ. ಕರೆಂಟು ಬಂತು ಅಂದರೆ ಹೆಂಗಸರು ಬಿಂದಿಗೆ ಹೊತ್ತು ಯಾರದೋ ಟೊಮೇಟೊ ತೋಟದ ಬೋರಿಗೆ ಓಡಬೇಕು. "ಸಭೆಗೆ ಬಂದು ನೀವೇ ಕೇಳಬೇಕು, ಆಗ ನಲ್ಲಿ" ಅಂದಿದ್ದರು ಪಂಚಾಯ್ತಿ ಆಫೀಸರು.

೧. ಗಡಿ ದಾಟಿದ ಸದ್ದು

ಮೊದಲ ಸಲ ಎಂಥಾ ಏಟು ಹೊಡೆದೆ ಅಂದರೆ, ತೋಪಿನ ಮಾವಿನಕಾಯಿ ನೆಲಕ್ಕೆ ಬೀಳೋಷ್ಟರಲ್ಲಿ ಹಣ್ಣಾಗಿದ್ದವು. ಆದರೂ ನಮ್ಮ ಬೀದಿಯವರು "ದೊಡ್ಡೋರ ಸಭೇಲಿ ನಮಗೇನು ಕೆಲಸ?" ಅಂತ ಕೂಲಿಗೆ ಹೋದರು. ಬಂದವರು ಆಂಧ್ರದವರು! ಟ್ರ್ಯಾಕ್ಟರ್ ತುಂಬಾ ಬಂದು ಮುಂದೇನೇ ಕೂತುಬಿಟ್ಟರು.

"ಇದು ಕರ್ನಾಟಕದ ಸಭೆ ಕಣ್ರಪ್ಪಾ" ಅಂದರು ಆಫೀಸರು.

ಅವರಲ್ಲೊಬ್ಬ ಹಿರಿಯ ತೆಲುಗಲ್ಲಿ ಹೇಳಿದ: "ಇಷ್ಟು ಪ್ರೀತಿಯಿಂದ ನಮ್ಮ ಸರ್ಕಾರವೂ ಕರೆದಿಲ್ಲ ಸ್ವಾಮಿ. ಟೀ ಕುಡಿದು ಹೋಗ್ತೀವಿ."

ನಮ್ಮೂರ ಜನ ಇಲ್ಲ ಅಂತ ಸಭೆ ರದ್ದಾಯ್ತು. ಟೀ ಮಾತ್ರ ಪೂರ್ತಿ ಖರ್ಚಾಯ್ತು.

೨. ಎತ್ತಿದ ಕೈ

ಮುಂದಿನ ಸಲ ಮನೆಮನೆಗೂ ಹೋಗಿ, "ಬಾಯಿ ಬಿಡೋಕೆ ನಾಚಿಕೆ ಆದ್ರೆ ಕೈ ಎತ್ತಿ, ಸಾಕು" ಅಂತ ಪಾಠ ಹೇಳಿದೆ. ಎಲ್ಲಾ ಬಂದರು.

"ಕೆಳಗಿನ ಬೀದಿಗೆ ನಲ್ಲಿ ಬೇಕು ಅನ್ನೋರು?" ಅಂದರು ಆಫೀಸರು. ಎಲ್ಲರ ಕೈ ಮೇಲೆ.

"ಬೇಡ ಅನ್ನೋರು?" ಮತ್ತೆ ಎಲ್ಲರ ಕೈ ಮೇಲೆ!

ಆಫೀಸರು ತಲೆ ಹಿಡಿದುಕೊಂಡರು. ನಮ್ಮ ಬೀದಿಯ ಅಜ್ಜಿ ಎದ್ದು, "ನೀವು ಎರಡು ಸಲ ಕೇಳಿದ್ರಿ ಸಾಮಿ. ಒಂದು ಸಲಕ್ಕೆ ಎತ್ತಿ ಇನ್ನೊಂದಕ್ಕೆ ಸುಮ್ನೆ ಕೂತ್ರೆ ನಿಮಗೆ ಮರ್ವಾದೆ ಕೊಟ್ಟಂಗಾಯ್ತದಾ?" ಅಂದಳು.

೩. ಕಂಬದ ಜೊತೆ ಮಾತು

ಕೈ ಲೆಕ್ಕಕ್ಕೆ ಬರಲಿಲ್ಲ, ಮುಂದಿನ ಸಭೇಲಿ ಬಾಯಲ್ಲೇ ಕೇಳಬೇಕು ಅಂತಾಯ್ತು. ಅಲ್ಲೇ ತೊಡಕು. ಪಂಚಾಯ್ತಿ ಅಧ್ಯಕ್ಷರು ಊರಿನ ವರಸೆಯಲ್ಲಿ ನಮ್ಮ ಬೀದಿ ಸೊಸೆಯರಿಗೆಲ್ಲಾ ಮಾವ ಆಗಬೇಕು. ಮಾವನ ಎದುರು ಸೊಸೆ ಬಾಯಿ ಬಿಡೋ ಪದ್ಧತಿ ನಮ್ಮಲ್ಲಿಲ್ಲ. ನನ್ನ ತಲೆ ಸಾಮಾನ್ಯದ್ದಾ? "ಅವರ ಹತ್ರ ಯಾಕೆ ಮಾತಾಡ್ತೀರ್ರಮ್ಮಾ? ಪಕ್ಕದಲ್ಲಿ ಕಲ್ಲುಕಂಬ ಐತಲ್ಲ, ಅದಕ್ಕೇಳಿ" ಅಂದೆ.

ಸೆರಗು ಹೊದ್ದು ಒಬ್ಬಳು ಎದ್ದಳು. "ಕಂಬವೇ, ನಮ್ಮ ಬೀದಿಗೆ ನಲ್ಲಿ ಯಾವಾಗ ಅಂತ ಮಾವನೋರ್ನ ಕೇಳು."

ಅಧ್ಯಕ್ಷರೂ ಪದ್ಧತಿಯವರೇ. ಸೊಸೆ ಮುಖ ನೋಡದೆ ಕಂಬಕ್ಕೇ ಹೇಳಿದರು: "ಮುಂದಿನ ವರ್ಷ ನೋಡೋಣ ಅನ್ನಪ್ಪಾ."

"ಹೋದ ವರ್ಷಾನೂ ಅದೇ ಅಂದ್ರು. ನಾವೂ ನಿನ್ನಂಗೇ ನಿಂತೇ ಇದ್ದೀವಿ ಅನ್ನು ಕಂಬವೇ!"

ಸಭೆ ಗೊಳ್ಳೆಂದಿತು. ಆಮೇಲೆ ಒಬ್ಬೊಬ್ಬಳೂ ಎದ್ದು, ಬಿಂದಿಗೆ ಹೊತ್ತ ಸೊಂಟನೋವು, ತೋಟದೋರ ಬೈಗುಳ, ಎಲ್ಲಾ ಕಂಬಕ್ಕೆ ಹೇಳಿಕೊಂಡರು. ಕೆಲವರು ಅತ್ತರು. ಅಧ್ಯಕ್ಷರ ಕಣ್ಣೂ ಒದ್ದೆಯಾಯ್ತು. "ಸಾಕಪ್ಪಾ ಕಂಬ, ಹಾಕಿಸ್ತೀನಿ ಅನ್ನು" ಅಂದರು.

ಹಾಕಿಸಿಯೂ ಹಾಕಿಸಿದರು. ನೀರು ಬಂದ ದಿನ ಹೆಂಗಸರು ಮೊದಲ ಬಿಂದಿಗೆ ತುಂಬಿಕೊಂಡು ಸಭೆಯ ಜಾಗಕ್ಕೆ ಬಂದರು. ಹಾರಕ್ಕೆ ಕತ್ತು ಬಗ್ಗಿಸಿ ನಿಂತಿದ್ದ ಅಧ್ಯಕ್ಷರನ್ನು ದಾಟಿ ಹೋಗಿ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿದರು.

"ನಲ್ಲಿ ಹಾಕಿಸಿದ್ದು ನಾನಲ್ವೇನ್ರಮ್ಮಾ?" ಅಂದರು ಪಾಪ.

ಬಿಂದಿಗೆ ಎತ್ತಿದ ಸೊಸೆ ತಿರುಗದೇ ಹೇಳಿದಳು: "ಕಂಬವೇ, ನಿನಗೆ ನೀರು ಹುಯ್ಯಬೇಕು. ಮಾವನೋರು ಒಸಿ ಪಕ್ಕಕ್ಕೆ ನಿಂತ್ಕೊಳ್ಳಲಿ ಅನ್ನು, ನೆಂದೋಗ್ತಾರೆ."